ಕಲ್ಲಮ್ಮನ ಸೌಟು, ನನ್ನ ಹೆಬ್ಬೆರಳು

ನನ್ನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡೇ ಬೆಳೆಯುತ್ತದೆ. ಎಷ್ಟು ಸಲ ಕತ್ತರಿಸಿದರೂ ಅದೇ ದಿಬ್ಬ, ಅದೇ ಗೆರೆ. ಬಸ್ಸಿನಲ್ಲಿ ಪಕ್ಕ ಕೂತವರು, 'ಏನ್ಸಾರ್, ಬಾಗಿಲಿಗೆ ಸಿಕ್ಕಿಸ್ಕೊಂಡ್ರಾ?' ಎಂದು ಕೇಳುತ್ತಾರೆ. ಮೊದಮೊದಲು ಹೂಂ ಅನ್ನುತ್ತಿದ್ದೆ. ಈಗ ನಿಜ ಹೇಳುತ್ತೇನೆ. ಅದು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು ಕಲ್ಲಮ್ಮ ಕಬ್ಬಿಣದ ಸೌಟಿನಲ್ಲಿ ಹೊಡೆದದ್ದು. ಅದೂ ಧ್ವಜದ ಕಟ್ಟೆಯ ಮೇಲೆ ಕೈ ಅದುಮಿ ಹಿಡಿದು, ನೂರಾ ನಲವತ್ತು ಮಕ್ಕಳ ಎದುರಿಗೆ. ಕೇಳಿದವರು ನಗುತ್ತಾರೆ. ನಗಲಿ ಬಿಡಿ.

ನಾನು ರೇಣುಕಾಪ್ರಸಾದ್. ಅಮೃತೂರು ಹೋಬಳಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಿ.ಟಿ. ಮೇಷ್ಟ್ರು. ಆದರೆ ಈ ಕಥೆ ನನ್ನದಲ್ಲ, ಕಲ್ಲಮ್ಮನದು. ಅವಳಿಗೆ ಸಹಿ ಹಾಕುವಷ್ಟು ಮಾತ್ರ ಅಕ್ಷರ ಬರುತ್ತದೆ. ಹೊಡೆಸಿಕೊಂಡವನಿಗೆ ಬರೆಯಲು ಬರುತ್ತದಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಕಲ್ಲಮ್ಮ ಗುಬ್ಬಿ ಕಡೆಯ ಹಳ್ಳಿಯವಳು. ಏಳು ವರ್ಷಕ್ಕೇ ಅವಳಪ್ಪ ಅವಳನ್ನು ಅಡಿಕೆ ಸುಲಿಯಲು ಕೂರಿಸಿದ. ಕತ್ತಿ ಜಾರಿ ಬೆರಳು ಕೊಯ್ದುಕೊಂಡರೆ ಅವನು ಮೊದಲು ಕೆನ್ನೆಗೆ ಬಿಗಿದು ಆಮೇಲೆ ಬಟ್ಟೆ ಸುತ್ತುತ್ತಿದ್ದನಂತೆ. ಅಡಿಕೆಗೆ ರಕ್ತ ಅಂಟಿತು ಎಂಬುದು ಅವನ ಸಿಟ್ಟು. ಹದಿನೇಳಕ್ಕೆ ಮದುವೆ. ಗಂಡ ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕೆಲಸದವನು. ಅಪ್ಪ ಕೈಯಲ್ಲಿ ಹೊಡೆಯುತ್ತಿದ್ದ, ಗಂಡ ಬೆಲ್ಟಿನಲ್ಲಿ. ಹನ್ನೆರಡು ವರ್ಷ ತಡೆದುಕೊಂಡಳು. ಒಂದು ಬೆಳಿಗ್ಗೆ ಅವನು ಮಗಳು ಭೂಮಿಕಾಳ ಜುಟ್ಟು ಹಿಡಿದು ಹೊಸಿಲ ತನಕ ಎಳೆದ. ಕಲ್ಲಮ್ಮ ಒಲೆ ಮುಂದಿನ ಕಬ್ಬಿಣದ ಊದುಕೊಳವೆ ತೆಗೆದುಕೊಂಡು ಅವನ ಮೊಣಕಾಲಿನ ಕೆಳಗೆ ಬೀಸಿದಳು. 'ಲಟಕ್ ಅಂತು ಮೇಷ್ಟ್ರೇ. ಮೂಳೆ ಮುರೀತೋ ಇಲ್ವೋ ನಿಂತ್ಕಂಡ್ ನೋಡ್ಲಿಲ್ಲ. ಬಸ್ ಬಂದ್ಬುಡ್ತು' ಎಂದು ಈಗ ನಗುತ್ತಾಳೆ. ಮಗಳನ್ನು ಕರೆದುಕೊಂಡು ಅಮೃತೂರಿನ ಚಿಕ್ಕಮ್ಮನ ಮನೆಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಮ್ಮ ಶಾಲೆಯಲ್ಲಿ ಅಡುಗೆಗೆ ಸೇರಿದಳು.

ಇಷ್ಟು ಅವಳದು. ಇನ್ನು ನನ್ನ ಸೋಮವಾರದ ವಿಷಯ ಹೇಳಬೇಕು.

ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಸಾಲಾಗಿ ಬರಬೇಕು. ಒಂದು ಲೋಟ ಬಿಸಿ ಹಾಲು. ಅದೇ ಹಾಲಿನಲ್ಲಿ ಒಂದು ಕಬ್ಬಿಣಾಂಶದ ನೀಲಿ ಮಾತ್ರೆ ನುಂಗಬೇಕು. ಮಾತ್ರೆಯನ್ನು ಊಟ ಆದ ಮೇಲೆ ಕೊಡಿ ಎಂದು ಆರೋಗ್ಯ ಇಲಾಖೆಯವರು ಹೇಳಿದ್ದರು. ಮಧ್ಯಾಹ್ನ ಮತ್ತೊಂದು ಸಲ ಸಾಲು ನಿಲ್ಲಿಸುವ ತಾಪತ್ರಯ ಯಾರಿಗೆ ಬೇಕು? ಒಂದೇ ಸಾಲಿನಲ್ಲಿ ಎಲ್ಲ ಕೆಲಸ ಮುಗಿಸುತ್ತಿದ್ದೆ. ನುಂಗಿದ ಮೇಲೆ ಎರಡೂ ಕೈ ಮುಂದೆ ಚಾಚಿ, ಉಗುರು ಮೇಲೆ ಮಾಡಿ ತೋರಿಸಬೇಕು.

ನನ್ನ ಹತ್ತಿರ ತೇಗದ ಸ್ಕೇಲೊಂದಿತ್ತು. ಕುಣಿಗಲ್ಲಿನ ಬಡಗಿ ತಿಮ್ಮೇಶ್ ಮಾಡಿಕೊಟ್ಟದ್ದು. ಒಂದು ಅಂಚಿಗೆ ಹಿತ್ತಾಳೆ ಪಟ್ಟಿ ಕೂರಿಸಿದ್ದ. ಉಗುರು ಉದ್ದ ಇದ್ದರೆ ಅಗಲದಲ್ಲಿ ಒಂದು ಏಟು, ಮಣ್ಣಿದ್ದರೆ ಎರಡು. ಉಗುರು ಕಚ್ಚಿದವರಿಗೆ ಅಂಚಿನಲ್ಲಿ. ಎಲ್ಲಿಗೆ ಹೊಡೆದರೆ ಹೆಚ್ಚು ನೋಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು: ಉಗುರಿನ ಬುಡಕ್ಕೆ, ಚರ್ಮ ಶುರುವಾಗುವ ಕಡೆ. ಏಟನ್ನು ಮಕ್ಕಳೇ ಗಟ್ಟಿಯಾಗಿ ಎಣಿಸಬೇಕು. ಎಣಿಕೆ ತಪ್ಪಿದರೆ ಮೊದಲಿನಿಂದ. ಮಕ್ಕಳಿಗೆ ಹೊಡೆಯಬಾರದು ಎಂದು ಕಾನೂನಿದೆ, ನನಗೇನು ಗೊತ್ತಿರಲಿಲ್ಲವೇ? ದಂಡಂ ದಶಗುಣಂ ಎಂದು ಹೇಳಿಕೊಂಡು ಹೊಡೆಯುತ್ತಿದ್ದೆ. ಅಪ್ಪಂದಿರೇ ಬಂದು, 'ಬಾರ್ಸಿ ಸಾರ್, ನಮ್ ಮಾತು ಕೇಳಕಿಲ್ಲ' ಎನ್ನುತ್ತಿದ್ದರು.

ಎಷ್ಟೋ ಮಕ್ಕಳ ಉಗುರಿನ ಮೇಲೆ ಬಿಳಿ ಗೆರೆ, ಬಿಳಿ ಚುಕ್ಕೆ ಇರುತ್ತಿತ್ತು. ನಾನು ಎಲ್ಲರಿಗೂ ಕೇಳುವ ಹಾಗೆ, 'ನೋಡ್ರೋ, ಕ್ಯಾಲ್ಸಿಯಂ ಇಲ್ಲ! ಹಾಲು ಚೆಲ್ತೀರಲ್ಲ, ಅದಕ್ಕೇ!' ಎಂದು ಅದೇ ಉಗುರಿಗೆ ಇನ್ನೊಂದು ಬಿಡುತ್ತಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಸಿಂಚನಾ ಒಂಬತ್ತನೇ ಕ್ಲಾಸು. ಅಮೃತೂರು ಬಸ್ ಸ್ಟ್ಯಾಂಡಿನಲ್ಲಿ ಟೀ ಅಂಗಡಿ ಇಟ್ಟಿರುವ ಉದಯಕುಮಾರನ ಮಗಳು. ಎಂಟನೇ ಕ್ಲಾಸಿನಲ್ಲಿ ಖೋ ಖೋ ಆಡಲು ಇಳಿದರೆ ಹಿಡಿಯುವವರು ಹುಟ್ಟಿರಲಿಲ್ಲ. ಒಂಬತ್ತಕ್ಕೆ ಬಂದಮೇಲೆ ಎರಡು ಸುತ್ತು ಓಡಿ ಕೂತುಬಿಡುತ್ತಿದ್ದಳು. ಮೈಗಳ್ಳತನ ಎಂದುಕೊಂಡೆ. ಉಗುರುಗಳೆಲ್ಲ ಅಂಚು ಮುರಿದು ಪದರ ಎದ್ದಿರುತ್ತಿದ್ದವು. ಕಚ್ಚುವ ಚಟ ಎಂದುಕೊಂಡೆ. ಜೂನ್‌ನಿಂದ ಪ್ರತಿ ಸೋಮವಾರ ಅವಳಿಗೆ ಅಂಚಿನ ಏಟು ತಪ್ಪುತ್ತಿರಲಿಲ್ಲ. 'ಕಚ್ಚಲ್ಲ ಸಾರ್, ತಾನಾಗೇ ಮುರ್ದೋಗುತ್ತೆ' ಎನ್ನುತ್ತಿದ್ದಳು. ಸುಳ್ಳಿಗೆ ಇನ್ನೆರಡು ಸೇರುತ್ತಿದ್ದವು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಕಲ್ಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನನ್ನ ಕೋಣೆಗೆ ಬಂದಳು.

'ಮೇಷ್ಟ್ರೇ, ಆ ಸಿಂಚನಾ ಮಗೀನ ಕೈ ನೋಡಿದ್ರಾ?'

'ವಾರ ವಾರ ನೋಡ್ತಾನೇ ಇದೀನಲ್ಲ. ಕಚ್ಚೋ ಚಟ. ಬಾರಿಸ್ತಾ ಇದೀನಿ, ಬಿಡ್ತಾಳೆ.'

'ಕಚ್ಚಿದ್ದಲ್ಲ ಕಣ್ ಮೇಷ್ಟ್ರೇ. ಇವತ್ತು ಬಡಿಸ್ವಾಗ ಸಾರಿನ ಒಂದ್ ತೊಟ್ಟು ಅವಳ ಉಗುರಿನ್ ಮ್ಯಾಲೆ ಬಿತ್ತು. ಜಾರ್ಲಿಲ್ಲ. ಅಲ್ಲೇ ನಿಂತ್ಕಂತು. ಉಗುರು ಗುಳಿ ಬಿದ್ದದೆ, ಚಮಚದಂಗೆ. ಆ ಮಗೀಗೆ ಮೈನಲ್ಲಿ ರಕ್ತ ಇಲ್ಲ.'

'ನೀನ್ಯಾವಾಗ ಡಾಕ್ಟ್ರಾದೆ ಕಲ್ಲಮ್ಮ? ಕ್ಯಾಲ್ಸಿಯಂ ಕಮ್ಮಿ, ಅಷ್ಟೇ. ಇನ್ನೊಂದ್ ಲೋಟ ಹಾಲು ಕೊಡು.'

'ನನ್ ಮಗಳದ್ದೂ ಹಿಂಗೇ ಇತ್ತು.'

'ನಿನ್ ಸಾರಿಗೆ ಉಪ್ಪು ಜಾಸ್ತಿ ಆಗಿದೆ. ಮೊದ್ಲು ಅದನ್ನ ನೋಡ್ಕೋ, ಹೋಗು.'

ಅವಳು ಹೊರಟುಹೋದಳು. ಥೂ, ನನ್ನ ಬಾಯಿಗೆ ಮಣ್ಣು ಹಾಕ. ಅವಳ ಮಗಳು ಭೂಮಿಕಾ ಸತ್ತು ಮೂರು ವರ್ಷ ಆಗಿತ್ತು, ಹೆರಿಗೆಯಲ್ಲಿ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಉಪ್ಪಿನ ಮಾತಾಡಿದೆ.

ಸೆಪ್ಟೆಂಬರಿನಲ್ಲಿ ಕ್ಲಾಸುಗಳಿಂದ ಸೀಮೆಸುಣ್ಣ ಕಾಣೆಯಾಗತೊಡಗಿತು. ತಂದ ಡಬ್ಬಿ ವಾರದೊಳಗೆ ಖಾಲಿ. ಆ ಸೋಮವಾರ ಸಾಲಿನಲ್ಲಿ ಸಿಂಚನಾ ಮುಂದೆ ಬಂದಾಗ ಅವಳ ತುಟಿಯ ಮೂಲೆಯಲ್ಲಿ ಬಿಳಿ ಪುಡಿ ಕಂಡಿತು. ಅವಳ ಬ್ಯಾಗು ಕೊಡವಿದೆ. ಹನ್ನೊಂದು ಸೀಮೆಸುಣ್ಣ, ಎಲ್ಲಕ್ಕೂ ಹಲ್ಲಿನ ಗುರುತು.

'ಕಳ್ಳಿ! ತಿನ್ನೋಕೆ ಬೇರೇನೂ ಸಿಗಲಿಲ್ವಾ?'

'ತಡ್ಕೊಳಕ್ಕಾಗಲ್ಲ ಸಾರ್. ತಿನ್ಬೇಕು ಅನ್ಸುತ್ತೆ.'

'ಹತ್ತು. ಎಣಿಸು.'

ಅವಳು ಕೈ ಚಾಚಿದಳು. ಎರಡೂ ಕೈಯ ಎಂಟು ಬೆರಳು ಒಂದಕ್ಕೊಂದು ಅಂಟಿಸಿ ಇಡಬೇಕು, ಒಂದೇ ಏಟಿಗೆ ಎಲ್ಲಕ್ಕೂ ತಗಲುವ ಹಾಗೆ. ಅದೂ ನಾನೇ ಕಲಿಸಿದ್ದು. ಹಿತ್ತಾಳೆ ಅಂಚಿನಲ್ಲಿ ಬಿಟ್ಟೆ. 'ಒಂದು' ಎಂದಳು. ಮೂರನೆಯದಕ್ಕೆ ಒಂದು ಬೆರಳಿನ ಬುಡ ಒಡೆದು ರಕ್ತ ಬಂತು. ಐದಕ್ಕೆ ಅವಳ ದನಿ ಇಳಿಯಿತು. ಆರು ಎಂದದ್ದು ನನಗೆ ಕೇಳಲಿಲ್ಲ. 'ಗಟ್ಟಿಯಾಗಿ!' ಎಂದು ಏಳನೆಯದನ್ನು ಹೊಡೆದೆ. ಅವಳು ಎಣಿಸಲಿಲ್ಲ. ನಿಂತ ಹಾಗೆಯೇ ಹಿಂದಕ್ಕೆ ಬಿದ್ದಳು. ತಲೆ ಧ್ವಜದ ಕಟ್ಟೆಯ ಮೂಲೆಗೆ ಬಡಿಯಿತು. ಆ ಸದ್ದಿಗೆ ಸಾಲಿನಲ್ಲಿದ್ದ ಚಿಕ್ಕ ಹುಡುಗಿಯರು ಚೀರಿದರು. ಕಿವಿಯ ಹಿಂದಿನಿಂದ ಹರಿದ ರಕ್ತ ನೀರು ಬೆರೆಸಿದ ಹಾಗೆ ತೆಳ್ಳಗಿತ್ತು.

ನಾನೇನು ಮಾಡಿದೆ ಗೊತ್ತೇ? 'ನಾಟಕ ಆಡ್ಬೇಡ, ಏಳೇ!' ಎಂದು ಸ್ಕೇಲನ್ನು ಮತ್ತೆ ಮೇಲಕ್ಕೆತ್ತಿದೆ. ಹೌದು, ಎತ್ತಿದೆ.

ಇಳಿಯಲು ಬಿಡಲಿಲ್ಲ ಕಲ್ಲಮ್ಮ. ಅಡುಗೆ ಮನೆಯಿಂದ ಯಾವಾಗ ಓಡಿ ಬಂದಳೋ, ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದಳು. ನಾನು ಕಬಡ್ಡಿ ಆಡಿದ ಮನುಷ್ಯ. ಬಿಡಿಸಿಕೊಳ್ಳಲು ಆಗಲಿಲ್ಲ. ದಿನಾ ಇಪ್ಪತ್ತು ಕೇಜಿ ಅನ್ನದ ಪಾತ್ರೆ ಇಳಿಸುವ ಕೈ ಅದು. ತಿರುಚಿ, ಮೊಣಕಾಲಿಗೆ ಕೆಡವಿ, ನನ್ನ ಕೈಯನ್ನು ಕಟ್ಟೆಯ ಮೇಲೆ ಒತ್ತಿದಳು. ಇನ್ನೊಂದು ಕೈಯಲ್ಲಿ ಸಾಂಬಾರಿನ ಸೌಟು, ಹಬೆಯಾಡುತ್ತಿತ್ತು.

'ಎಣ್ಸಿ ಮೇಷ್ಟ್ರೇ!'

ಮೊದಲನೆಯದು ಬಿತ್ತು. ಹೆಬ್ಬೆರಳಿನ ಉಗುರು ಸೀಳಿ ಒಂದು ಭಾಗ ಮೇಲಕ್ಕೆದ್ದು ನಿಂತದ್ದನ್ನು ಕಣ್ಣಾರೆ ನೋಡಿದೆ. ಬಾಯಿಂದ ತಾನಾಗಿಯೇ 'ಒಂದು' ಎಂದು ಬಂತು. ಎರಡನೆಯದಕ್ಕೆ ಮೂಳೆ ಬಿರಿಯಿತು. 'ಎರಡು' ಎಂದು ಕೂಗಿದೆನೋ ಅರಚಿದೆನೋ ಗೊತ್ತಿಲ್ಲ. ಮೂರನೆಯದಕ್ಕೆ ಎತ್ತಿದವಳು ಸೌಟನ್ನು ಬಿಸಾಕಿ ಸಿಂಚನಾಳ ಹತ್ತಿರ ಓಡಿದಳು.

ಹೆಡ್‌ಮಾಸ್ಟರ್ ಪರಮಶಿವಯ್ಯನವರು ವರಾಂಡದಿಂದ, 'ಪೊಲೀಸ್ ಕರೀರಿ! ಪೊಲೀಸ್ ಕರೀರಿ!' ಎಂದು ಕೂಗುತ್ತಿದ್ದರು.

'ಪೊಲೀಸ್‌ನ ಆಮ್ಯಾಕೆ ಕರೀರಿ ಸೋಮಿ. ಮೊದ್ಲು ಗಾಡಿ ತಗೀರಿ, ಮಗ ಹೊಂಟೋಯ್ತದೆ!' ಎಂದಳು ಕಲ್ಲಮ್ಮ, ಹುಡುಗಿಯ ತಲೆಗೆ ತನ್ನ ಸೆರಗು ಒತ್ತಿಕೊಂಡು.

ಹೊಡೆದವರು, ಹೊಡೆಸಿಕೊಂಡವರು ಎಲ್ಲರೂ ಪರಮಶಿವಯ್ಯನವರ ಒಂದೇ ಓಮ್ನಿಯಲ್ಲಿ ಕುಣಿಗಲ್ಲಿಗೆ ಹೊರಟೆವು. ಮುಂದಿನ ಸೀಟಿನಲ್ಲಿ ನಾನು, ಟವೆಲ್ ಸುತ್ತಿದ ಕೈ ಹಿಡಿದುಕೊಂಡು. ಹಿಂದೆ ಕಲ್ಲಮ್ಮನ ತೊಡೆಯ ಮೇಲೆ ಸಿಂಚನಾ. ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಕಲ್ಲಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಸವರುತ್ತ ಯಾರಿಗೋ ಹೇಳುವ ಹಾಗೆ ಹೇಳುತ್ತಿದ್ದಳು.

'ನಮ್ ಭೂಮಿಕಾಗೂ ಹಿಂಗೇ ಇತ್ತು. ಹಸಿ ಅಕ್ಕಿ ತಿಂತಿದ್ಲು, ಕದ್ದು. ನಾನೂ ಬೋದೆ, ಹೊಡ್ದೆ. ತುಮಕೂರಲ್ಲಿ ಹೆರಿಗೆ ಆಯ್ತು, ರಕ್ತ ನಿಲ್ಲಲೇ ಇಲ್ಲ. ಮೂರ್ ಬಾಟ್ಲು ಕೊಟ್ರು. ಬಟ್ಟೆ, ಮಂಚ, ನೆಲ, ಎಲ್ಲಾ ರಕ್ತ. ಆಮ್ಯಾಕೆ ನರ್ಸಮ್ಮ ಅವಳ ಕೈ ಹಿಡ್ಕಂಡು, ಉಗುರು ನೋಡಮ್ಮ, ಚಮಚದಂಗ್ ಆಗದೆ, ಇಷ್ಟ್ ದಿನ ಯಾರೂ ನೋಡ್ಲಿಲ್ವಾ ಅಂದ್ಳು. ನೋಡಿದ್ದೆ ಕಣ್ ಮೇಷ್ಟ್ರೇ. ಸೀಮಂತದ ದಿನ ಆ ಉಗುರಿಗೆ ಕೆಂಪು ಬಣ್ಣ ಬಳ್ದೋಳು ನಾನೇಯ.'

ನಾನು ಹಿಂದೆ ತಿರುಗಿ ನೋಡಲಿಲ್ಲ. ಅಷ್ಟು ಧೈರ್ಯ ನನಗಿರಲಿಲ್ಲ.

ಆಸ್ಪತ್ರೆಯಲ್ಲಿದ್ದದ್ದು ಡಾಕ್ಟರ್ ಅಪರ್ಣ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಿಂಚನಾಳ ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ತೆಗೆದರು. ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ನಾಲ್ಕೂವರೆ ಇತ್ತು. 'ಹಾರ್ಟ್ ಒದ್ದಾಡ್ತಿದೆ. ಕೂಡಲೇ ತುಮಕೂರಿಗೆ ಕಳಿಸ್ಬೇಕು, ರಕ್ತ ಹಾಕ್ಬೇಕು' ಎಂದು ಆಂಬುಲೆನ್ಸಿಗೆ ಹೇಳಿದರು. ಅದು ಬರುವ ತನಕ ಹುಡುಗಿಯ ಒಡೆದ ಬೆರಳುಗಳಿಗೆ ಔಷಧಿ ಹಚ್ಚುತ್ತ ಕೇಳಿದರು:

'ಮುಟ್ಟು ಎಷ್ಟು ದಿನ ಹೋಗುತ್ತೆ ಪುಟ್ಟಾ?'

'ಹತ್ತು ದಿನ' ಎಂದಳು ಅಷ್ಟು ಹೊತ್ತಿಗೆ ಕಣ್ಣು ತೆರೆದಿದ್ದ ಸಿಂಚನಾ, ಕೇಳಿಸಿಯೂ ಕೇಳಿಸದ ಹಾಗೆ. ಆ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಮಾತ್ರೆ ತಗೊಳ್ತಿದ್ದಳಾ ಎಂದು ಕೇಳಿದರು. ನಾನು ಎದೆಯುಬ್ಬಿಸಿ, 'ವಾರ ವಾರ ನಾನೇ ಮುಂದೆ ನಿಂತು ಹಾಲಲ್ಲಿ ನುಂಗಿಸ್ತೀನಿ ಮೇಡಂ. ಇವಳು ನೋಡಿದ್ರೆ ಸೀಮೆಸುಣ್ಣ ಕದ್ದು ತಿಂತಾಳೆ' ಎಂದೆ.

'ಹಾಲಲ್ಲಾ? ಹಾಲಿನ ಕ್ಯಾಲ್ಸಿಯಂ ಜೊತೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹಿಡಿಯಲ್ಲ ಸಾರ್. ಟೀ ಜೊತೆ ಕೊಟ್ರೂ ಅಷ್ಟೇ. ಸೀಮೆಸುಣ್ಣ, ಮಣ್ಣು, ಹಸಿ ಅಕ್ಕಿ ತಿನ್ನಬೇಕು ಅನ್ನಿಸೋದು ಕಬ್ಬಿಣ ಕಮ್ಮಿಯಾದಾಗಲೇ. ಅದು ಕಳ್ಳತನ ಅಲ್ಲ, ಕಾಯಿಲೆ.'

ನಾನು ಸೋಲುವ ಜಾತಿಯವನಲ್ಲ. 'ಆದ್ರೆ ಉಗುರಲ್ಲಿ ಬಿಳಿ ಗೆರೆ ಇದೆಯಲ್ಲ ಮೇಡಂ, ಅದು ಕ್ಯಾಲ್ಸಿಯಂ ಕಮ್ಮಿ ಆಗಿಯೇ ತಾನೇ?' ಎಂದೆ.

ಅವರು ಸಿಂಚನಾಳ ಕೈಯನ್ನು ದೀಪದ ಕೆಳಗೆ ಹಿಡಿದರು. ಎಂಟು ಉಗುರಿನಲ್ಲೂ ಅಡ್ಡಡ್ಡ ಬಿಳಿ ಗೆರೆ, ಒಂದರ ಮೇಲೊಂದು.

'ಎಲ್ಲರೂ ಹಾಗೇ ತಿಳ್ಕೊಂಡಿದಾರೆ. ಗುಳಿ ಬಿದ್ದಿರೋದು ಕಬ್ಬಿಣ ಕಮ್ಮಿಯಾಗಿ. ಈ ಗೆರೆಗಳು ಊಟದ್ದಲ್ಲ. ಉಗುರಿನ ಬುಡಕ್ಕೆ ಪೆಟ್ಟು ಬಿದ್ರೆ ಹೀಗಾಗುತ್ತೆ. ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತೆ. ಈ ತುದಿ ಕಡೇದು ಜೂನ್ ಹೊತ್ತಿಂದು. ಇದು ಜುಲೈ. ಇದು ಆಗಸ್ಟ್. ಯಾರೋ ಈ ಮಗೂಗೆ ಬಿಡದೇ ಹೊಡ್ದಿದಾರೆ.'

ಸಿಂಚನಾ ಒಬ್ಬಳದಲ್ಲ. ಸಾಲಿನಲ್ಲಿ ನಿಂತ ಅಷ್ಟೂ ಮಕ್ಕಳ ಕೈ ಕಣ್ಣ ಮುಂದೆ ಬಂತು. ನನ್ನ ಏಟಿನ ಗುರುತನ್ನೇ ತೋರಿಸಿ, ಹಾಲು ಚೆಲ್ಲುತ್ತೀರಿ ಎಂದು ಮತ್ತೆ ಅಲ್ಲಿಗೇ ಹೊಡೆದಿದ್ದೆನಲ್ಲ!

ಡಾಕ್ಟರು ನನ್ನ ಟವೆಲ್ ಬಿಚ್ಚಿ, 'ನಿಮಗೇನಾಯ್ತು?' ಎಂದರು.

'ಗಾಡಿ ಬಾಗಿಲಿಗೆ ಸಿಕ್ಕಿಕೊಳ್ತು' ಎಂದೆ.

'ಸುಳ್ಳು' ಎಂದಳು ಕಲ್ಲಮ್ಮ. 'ನಾನು ಹೊಡ್ದಿದ್ದು. ಸೌಟಲ್ಲಿ. ಈ ಮಗೀನ ಹೊಡ್ದೋರು ಇವ್ರು. ಬರ್ಕಳಿ ಡಾಕ್ಟ್ರಮ್ಮ, ಇಬ್ರುದೂ ಬರ್ಕಳಿ.'

ತುಮಕೂರಿನಲ್ಲಿ ಮೂರು ದಿನ ಸಿಂಚನಾ ಉಳಿಯುತ್ತಾಳೋ ಇಲ್ಲವೋ ಎನ್ನುವ ಹಾಗಿತ್ತು. ರಕ್ತವನ್ನು ನಿಧಾನವಾಗಿ, ಸ್ವಲ್ಪಸ್ವಲ್ಪವೇ ಕೊಟ್ಟರು. ಅವಳಪ್ಪ ಉದಯಕುಮಾರ ವಾರ್ಡಿನ ಹೊರಗೆ ನನ್ನ ಕಾಲರ್ ಹಿಡಿದು ಗೋಡೆಗೆ ಗುದ್ದಿದ, ಮೂಗಿನಲ್ಲಿ ರಕ್ತ ಬಂತು. 'ಬಾರ್ಸಿ ಅಂದೋನು ನಾನೇ, ಸಾಯ್ಸಿ ಅಂದಿದ್ನಾ?' ಎಂದು ಅಳುತ್ತ ಇನ್ನೊಂದು ಗುದ್ದಿದ. ನಾನು ಕೈ ಎತ್ತಲಿಲ್ಲ. ಕಲ್ಲಮ್ಮ ಅಡುಗೆಗೆ ರಜ ಹಾಕಿ ಅದೇ ವಾರ್ಡಿನ ನೆಲದ ಮೇಲೆ ಕೂತಿದ್ದಳು. ನಾಲ್ಕನೆಯ ದಿನ ಸಿಂಚನಾ ಎದ್ದು ಕೂತು ಇಡ್ಲಿ ಕೇಳಿದಳು. ಕಲ್ಲಮ್ಮ ಮೊದಲ ಸಲ ಅತ್ತದ್ದು ಆಗ. ಹೊರಗೆ ಬಂದು ನನ್ನನ್ನು ನೋಡಿ, 'ಅವತ್ತೇ ನನ್ ಮಾತು ಕೇಳಿದ್ರೆ ಉಗುರಲ್ಲಿ ಹೋಗ್ತಿತ್ತು. ಕೊಡ್ಲಿ ತಗೊಳ್ಳೋ ಹಂಗ್ ಮಾಡಿದ್ರಲ್ಲ' ಎಂದಳು.

ಪೊಲೀಸರು ಬಂದರು, ಬರೆದುಕೊಂಡರು. ನನಗೆ ಮೂರು ತಿಂಗಳು ಸಸ್ಪೆನ್ಷನ್ ಆಯಿತು, ಕೇಸು ಇನ್ನೂ ನಡೆಯುತ್ತಿದೆ. ಪರಮಶಿವಯ್ಯನವರು ಕಲ್ಲಮ್ಮನನ್ನೂ ತೆಗೆಯಲು ಕಾಗದ ಸಿದ್ಧಮಾಡಿ ನನ್ನ ಹೇಳಿಕೆ ಕೇಳಿದರು. ಎಡಗೈಯಲ್ಲಿ ಸೊಟ್ಟಸೊಟ್ಟ ಬರೆದೆ: 'ಆಕೆ ಎರಡು ಹೊಡೆದರು. ಮೂರನೆಯದು ಹೊಡೆಯಲಿಲ್ಲ. ನಾನು ಏಳು ಹೊಡೆದು ಎಂಟನೆಯದಕ್ಕೆ ಎತ್ತಿದ್ದೆ. ತಡೆಯದಿದ್ದರೆ ಹುಡುಗಿ ಸಾಯುತ್ತಿದ್ದಳು.' ಆ ಕಾಗದ ಓದಿದ ಮೇಲೆ ಆಡಳಿತ ಮಂಡಳಿಯವರು ಅವಳ ಸುದ್ದಿಗೆ ಹೋಗಲಿಲ್ಲ.

ಡಿಸೆಂಬರಿನಲ್ಲಿ ನಾನು ವಾಪಸ್ ಬಂದಾಗ ಸೋಮವಾರ ಕಲ್ಲಮ್ಮನ ಕೈಗೆ ಹೋಗಿತ್ತು. ಮಾತ್ರೆ ಊಟ ಆದ ಮೇಲೆ, ನಿಂಬೆಹಣ್ಣಿನ ನೀರಿನಲ್ಲಿ. ಸಾರಿಗೆ ಹುರುಳಿ, ಹೆಸರುಕಾಳು, ಕೈತುಂಬ ಸೊಪ್ಪು. ಸಿಂಚನಾಳ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ, ಅವಳಿಗೆಂದು ಎಳ್ಳು, ಕುಂಬಳಬೀಜ ಹುರಿದು ಉಂಡೆ ಕಟ್ಟಿ ತರುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ಹೋಗಿ ಉದಯಕುಮಾರನಿಗೆ, 'ಊಟದ್ ಹೊತ್ನಲ್ಲಿ ಮಗೀಗೆ ಟೀ ಕೊಟ್ಯೋ, ನಿನ್ ಬೆರಳೂ ನನ್ ಸೌಟೂ ಏನ್ ದೂರ ಇಲ್ಲ ಕಣ್ಲಾ' ಎಂದು ಹೇಳಿ ಬಂದಿದ್ದಳಂತೆ. ಕೈ ನೋಡುವವಳೂ ಅವಳೇ. ಚಮಚದಲ್ಲಿ ನೀರು ಹಿಡಿದು ಒಬ್ಬೊಬ್ಬರ ಉಗುರಿನ ಮೇಲೂ ಒಂದು ಹನಿ ಬಿಡುತ್ತಿದ್ದಳು. ಹನಿ ನಿಂತರೆ ಹೆಸರು ಬರೆದುಕೊಳ್ಳುವುದು ನನ್ನ ಕೆಲಸ. ಆ ಪಟ್ಟಿ ಡಾಕ್ಟರಿಗೆ ಹೋಗುತ್ತಿತ್ತು. ಮೊದಲ ವಾರವೇ ಆರು ಹುಡುಗಿಯರ ಹೆಸರು ಬರೆದೆ.

ಹೆಸರು ಬರೆಯುವಾಗ ಮಕ್ಕಳ ಉಗುರಿನ ಬಿಳಿ ಗೆರೆ ಕಾಣುತ್ತಿತ್ತು. ನಾನು ಹತ್ತಿರ ಹೋದರೆ ಕೆಲವರು ಈಗಲೂ ಎಂಟು ಬೆರಳು ಅಂಟಿಸಿ ಚಾಚುತ್ತಿದ್ದರು. ನಾನು ಎರಡು ಹೆಜ್ಜೆ ಹಿಂದೆ ಸರಿದು ಹೆಸರು ಕೇಳುತ್ತಿದ್ದೆ. ವಾರದಿಂದ ವಾರಕ್ಕೆ ಗೆರೆಗಳು ತುದಿಗೆ ಸರಿದವು. ಅವರ ಉಗುರಿನ ಜೊತೆಗೇ ನನ್ನ ಹೆಬ್ಬೆರಳಿನದೂ ಸೊಟ್ಟಗೆ ಮೇಲೆ ಬರುತ್ತಿತ್ತು.

ಮಾರ್ಚಿನ ಮೂರನೇ ಸೋಮವಾರ ಕಲ್ಲಮ್ಮ ಸಿಂಚನಾಳ ಉಗುರಿನ ಮೇಲೆ ಹನಿ ಬಿಟ್ಟಳು. ಅದು ಒಂದು ಕ್ಷಣವೂ ನಿಲ್ಲದೆ ಜಾರಿ ಬಿತ್ತು. ಮತ್ತೊಂದು ಬಿಟ್ಟಳು, ಅದೂ ಜಾರಿತು. 'ಜಾರ್ತು ಕಣೇ!' ಎಂದು ಹುಡುಗಿಯ ಬೆನ್ನಿಗೆ ಗುದ್ದಿ ನಕ್ಕಳು. ನಾನು ಅಡುಗೆ ಮನೆಯ ಮೆಟ್ಟಿಲ ಹತ್ತಿರ ಪಟ್ಟಿ ಹಿಡಿದು ನಿಂತಿದ್ದೆ.

ಊಟ ಆದ ಮೇಲೆ ಸಿಂಚನಾ ಅದೇ ಮೆಟ್ಟಿಲ ಮೇಲೆ ಕೂತು ನೇಲ್ ಕಟರ್‌ನಲ್ಲಿ ಉಗುರು ಕತ್ತರಿಸಿದಳು. ಕೊನೆಯ ಬಿಳಿ ಗೆರೆ, ಆ ಸೆಪ್ಟೆಂಬರಿನದು, ತುದಿಗೆ ಬಂದಿತ್ತು. ಕತ್ತರಿಸಿದ ಚೂರುಗಳನ್ನು ಒಂದೊಂದಾಗಿ ಆರಿಸಿ ಎದ್ದು ಬಂದು ನನ್ನ ಅಂಗೈಯಲ್ಲಿ ಇಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ.

'ತಗೊಳ್ಳಿ ಸಾರ್. ಇದು ನಿಮ್ದು.'

ಒಳಗೆ ಪಾತ್ರೆ ಉಜ್ಜುತ್ತಿದ್ದ ಕಲ್ಲಮ್ಮ ತಲೆ ಎತ್ತದೆಯೇ, 'ಎಣ್ಸಿ ಮೇಷ್ಟ್ರೇ' ಎಂದಳು.

ನಾನು ಗಟ್ಟಿಯಾಗಿ, ಅವಳಿಗೆ ಕೇಳುವ ಹಾಗೆ ಎಣಿಸಿದೆ. ಎಂಟು ಇದ್ದವು.